ಇಟ್ಟಿಗೆಯ ಎಲೆಗಳು

ವೀಕ್ಷಾ ಬಂದು ಕುರ್ಚಿಯ ತುದಿಯಲ್ಲಿ ಕೂತಾಗ, ಇದೂ ಮದುವೆಯ ವಿಚಾರಣೆಯೇ ಇರಬೇಕೆಂದು ಗುಣವತಿ ಅಂದುಕೊಂಡಳು. ಅಣ್ಣಾ ನಗರದ ಆ ಮಹಡಿಯ ಕೋಣೆಗೆ ಆಗ, 2003ರಲ್ಲಿ, ಬರುತ್ತಿದ್ದವರೆಲ್ಲ ಹೆಚ್ಚುಕಡಿಮೆ ಅಂಥವರೇ. ಹುಡುಗ ಕುಡಿಯುತ್ತಾನಾ, ಹುಡುಗಿಗೆ ಮೊದಲೇ ಯಾರಾದರೂ ಇದ್ದರಾ ಎಂಬುದನ್ನೆಲ್ಲ ವೆಂಕಟಲಕ್ಷ್ಮಿ ಪತ್ತೆ ಮಾಡಿಕೊಡುತ್ತಿದ್ದಳು. ಮೈಸೂರಿನ ಶಾಲೆಯಿಂದಲೂ ಗೆಳತಿಯಾಗಿದ್ದ ಗುಣವತಿ ಅವಳ ಹಿಂದೆ ಸುತ್ತುತ್ತ, ಮದರಾಸಿನ ಬಿಸಿಲಿಗೆ ಶಾಪ ಹಾಕುತ್ತಿದ್ದಳು.

"ನಾಡಿದ್ದು ಕಿಟ್ಟಣ್ಣನನ್ನು ಊರಿನ ಬಸ್ಸು ಹತ್ತಿಸ್ತಾರಂತೆ," ಎಂದಳು ವೀಕ್ಷಾ. "ನನ್ನ ಅಪ್ಪನ ಜೀವ ತೆಗೆದವ ಅಂತ ಹೆಸರಿಟ್ಟು. ನಂಗೆ ನಂಬಿಕೆ ಇಲ್ಲ ಮೇಡಂ. ಆದ್ರೆ ಆತ ಬಾಯಿ ಬಿಡೋದಿಲ್ಲ."

ವೆಂಕಟಲಕ್ಷ್ಮಿ ಅವಳ ಮುಂದೆ ನೀರಿನ ಲೋಟ ಇಟ್ಟಳು. "ಮೊದಲಿಂದ ಹೇಳಮ್ಮ."

ವೀಕ್ಷಾಳ ಅಪ್ಪ ಗಂಗಾಧರ ಟಿ. ನಗರದಲ್ಲಿ ಸಸ್ಯಾಹಾರಿ ಹೊಟೇಲು ನಡೆಸುತ್ತಿದ್ದವರು. ಕಿಟ್ಟಣ್ಣ ಅಲ್ಲಿನ ಹಿರಿಯ ಅಡುಗೆಭಟ್ಟ. ಇಬ್ಬರೂ ಮೀಸೆ ಚಿಗುರುವ ವಯಸ್ಸಿನಲ್ಲಿ ಉಡುಪಿ ಕಡೆಯಿಂದ ಒಟ್ಟಿಗೇ ಬಂದವರು. ಮಧ್ಯಾಹ್ನದ ಊಟ ಮುಗಿದು ಸಂಜೆಯ ತಿಂಡಿ ಶುರುವಾಗುವ ನಡುವಿನ ಹೊತ್ತಿನಲ್ಲಿ, ಮೇಲಿನ ಕೋಣೆಯ ಚಾಪೆಯ ಮೇಲೆ ಇನ್ನಿಬ್ಬರನ್ನು ಸೇರಿಸಿಕೊಂಡು ಇಸ್ಪೀಟು ಆಡುವುದು ಅವರ ರೂಢಿ. ಅಂದು ಭಾನುವಾರ, ಆ ಇನ್ನಿಬ್ಬರು ತಿರುವೊಟ್ಟಿಯೂರಿನ ದೇವಸ್ಥಾನಕ್ಕೆ ಹೋಗಿದ್ದರು. ಸಂಜೆ ಕಾಫಿ ಹಿಡಿದು ಹತ್ತಿದ ಕಿಟ್ಟಣ್ಣನಿಗೆ ಕಂಡದ್ದು ಬಾಗಿಲ ಕಡೆಗೆ ಕೈಚಾಚಿ ಬಿದ್ದಿದ್ದ ಗಂಗಾಧರ. ಚಾಪೆಯ ಮೇಲೆ ಇಬ್ಬರಿಗೆ ಹಂಚಿದ ಎಲೆಗಳಿದ್ದವು. ಉಬ್ಬಸದ ರೋಗಿಯ ಅಂಗಿಜೇಬಿನಲ್ಲಿ ಸದಾ ಇರುತ್ತಿದ್ದ ನೀಲಿ ಇನ್‌ಹೇಲರ್ ಮಾತ್ರ ಇರಲಿಲ್ಲ.

"ಆಮೇಲೆ ಅದು ಸಿಕ್ಕಿತಾ?"

"ವೈಕುಂಠ ಸಮಾರಾಧನೆಯ ಊಟ ಆದ ಮೇಲೆ ಸಿಕ್ಕಿತು. ಕಿಟ್ಟಣ್ಣನ ಅಡುಗೆಮನೆಯಲ್ಲಿ, ಹಿಟ್ಟಿನ ಡಬ್ಬಿಗಳ ಹಿಂದೆ. ಆಟದಲ್ಲಿ ಜಗಳವಾಗಿ ಆತನೇ ಕಿತ್ತುಕೊಂಡು ಹೋಗಿದ್ದಾನೆ ಅಂತ ಚಿಕ್ಕಪ್ಪ ಹೇಳ್ತಾರೆ."

ಚಿಕ್ಕಪ್ಪ ಭೋಜರಾಜ ಈಗ ಹೊಟೇಲಿನ ಗಲ್ಲಾದಲ್ಲಿ ಕೂರುತ್ತಿದ್ದರು. ಇಬ್ಬರು ಹೆಂಗಸರು ಪತ್ತೇದಾರಿಗೆ ಬಂದದ್ದು ಅವರಿಗೆ ಹಿಡಿಸಲಿಲ್ಲವಾದರೂ ಅಣ್ಣನ ಮಗಳ ಮುಖ ನೋಡಿ ಮೇಲಿನ ಕೋಣೆಯ ಬೀಗ ತೆಗೆದರು. "ಅಂದಿನಿಂದ ಯಾರೂ ಎಂತದೂ ಮುಟ್ಟಲಿಲ್ಲ," ಎಂದರು.

ಅಂಥ ಇಸ್ಪೀಟನ್ನು ಗುಣವತಿ ಹಿಂದೆಂದೂ ಕಂಡಿರಲಿಲ್ಲ. ಹಳೇ ಕಾಲದ ವಿಡಿಯೋ ಗೇಮಿನ ಚಿತ್ರಗಳು, ಎಲ್ಲವೂ ಚೌಕಚೌಕ ಚುಕ್ಕಿಗಳಲ್ಲಿ. ರಾಜನ ಜಾಗದಲ್ಲಿ ಹಲ್ಲು ಕಿರಿಯುವ ರಾಕ್ಷಸ, ಗುಲಾಮನ ಜಾಗದಲ್ಲಿ ಟೋಪಿಯವನು, ಎಕ್ಕದಲ್ಲಿ ಗುಂಡು ಹಾರಿಸುವ ಪುಟ್ಟ ನೀಲಿ ಹಡಗು. ಎರಡು, ಮೂರು, ನಾಲ್ಕರಂಥ ಸಣ್ಣ ಎಲೆಗಳಲ್ಲಿ ಮೇಲಿಂದ ಉದುರುವ ಬಣ್ಣದ ಇಟ್ಟಿಗೆಗಳು.

"ಬರ್ಮಾ ಬಜಾರಿನಿಂದ ನಾನೇ ತಂದುಕೊಟ್ಟದ್ದು," ಎಂದಳು ವೀಕ್ಷಾ. "ಅಪ್ಪ ಬೈದರು, ಆಮೇಲೆ ಅದು ಬಿಟ್ಟು ಬೇರೆ ಮುಟ್ಟಲಿಲ್ಲ."

ವೆಂಕಟಲಕ್ಷ್ಮಿ ಮೊಣಕಾಲೂರಿ ಕೂತಳು. "ನೋಡೇ ಗುಣಾ. ದೊಡ್ಡ ಎಲೆಗಳಿಗೆಲ್ಲ ಎಣ್ಣೆಯ ಜಿಡ್ಡು, ಅಂಚು ಸವೆದಿವೆ. ಇಟ್ಟಿಗೆಯ ಎಲೆಗಳಿಗೆ ಜಿಡ್ಡಿಲ್ಲ, ಮೂಲೆ ಮಾತ್ರ ಮಡಚಿವೆ. ಮತ್ತೆ ಇಲ್ನೋಡು, ಒಬ್ಬರ ಎಲೆಗಳು ಕವುಚಿವೆ. ಇನ್ನೊಬ್ಬರವು ಅಷ್ಟೂ ಮುಖ ಮೇಲಾಗಿ ಸಾಲಾಗಿವೆ."

"ಆಟ ಮುಗಿದು ತೋರಿಸಿರಬೇಕು."

"ಮುಗಿದಿಲ್ಲ ಕಣೇ. ನಡುವಿನ ಕಟ್ಟು ಇನ್ನೂ ದಪ್ಪ ಇದೆ."

ಭೋಜರಾಜ ತಂದುಕೊಟ್ಟ ಇನ್‌ಹೇಲರನ್ನೂ ಅವಳು ಕಿಟಕಿಯ ಬೆಳಕಿಗೆ ಹಿಡಿದಳು. ಅದರ ಮುಚ್ಚಳದ ಅಂಚಿನಲ್ಲಿ ಮಿನುಗುವ ಕಾಗದದ ಚೂರೊಂದು ಅಂಟಿತ್ತು. ಯಾವುದೋ ಸ್ಟಿಕ್ಕರನ್ನು ಕೆರೆದು ತೆಗೆದ ಗುರುತು.

ಕಿಟ್ಟಣ್ಣ ಕೆಳಗೆ ತೆಂಗಿನಕಾಯಿ ತುರಿಯುತ್ತಿದ್ದ. ನಾಡಿದ್ದು ಹೊರಡಬೇಕಾದವನು ನಾಳೆಯ ಚಟ್ನಿಯ ಚಿಂತೆಯಲ್ಲಿದ್ದ.

"ನೀವು ಆಡ್ತಿದ್ದದ್ದು ಯಾವ ಆಟ ಕಿಟ್ಟಣ್ಣ?"

"ಇಪ್ಪತ್ತೆಂಟು. ನಮ್ಮ ಬದಿಯ ಆಟ ಅಮ್ಮ, ನಾಲ್ಕು ಜನ ಬೇಕು. ಏಳರಿಂದ ಮೇಲಿನ ಎಲೆ ಮಾತ್ರ ಸಾಕು."

"ಸಣ್ಣ ಎಲೆಗಳು?"

ಅವನ ಕೈ ಗಕ್ಕನೆ ನಿಂತಿತು. "ಅದು... ಅಣ್ಣ ಎಲ್ಲಿಯೋ ತೆಗೆದಿಟ್ಟಿದ್ರು. ನಂಗೆ ನೆನಪಿಲ್ಲ."

"ಸಮಾರಾಧನೆಗೆ ಮುಂಚೆ ಅಡುಗೆಮನೆ ತೊಳೆದಿದ್ರಾ?"

"ಹಿಂದಿನ ದಿನ ಡಬ್ಬಿ ಸಮೇತ ಹೊರಗೆ ತೆಗೆದು ತೊಳೆದಾಗಿತ್ತು," ಎಂದರು ಹಿಂದೆ ನಿಂತಿದ್ದ ಭೋಜರಾಜ. ಹೇಳಿದ ಮೇಲೆ ತಾನೇ ಹೇಳಿದ್ದನ್ನು ಯೋಚಿಸುವವರಂತೆ ಹುಬ್ಬು ಗಂಟಿಕ್ಕಿದರು.

ಸಂಜೆ ಅವರು ಹೋದದ್ದು ವೀಕ್ಷಾಳ ಮನೆಗೆ. ಅವಳ ಗಂಡ ಮೋಹನ್ ಮಂಡ್ಯದವನು, ಕಂಪನಿಯೊಂದರಲ್ಲಿ ಎಂಜಿನಿಯರ್. ಆ ಮದುವೆ ಗಂಗಾಧರರಿಗೆ ಒಪ್ಪಿಗೆಯಿರಲಿಲ್ಲ. ಹೋದ ವರ್ಷ ಮಾತಿಗೆ ಮಾತು ಬೆಳೆದು, ತಾನಾಗಲಿ ಮಗಳಾಗಲಿ ಆ ಹೊಟೇಲಿನ ಮೆಟ್ಟಿಲು ತುಳಿಯುವುದಿಲ್ಲವೆಂದು ಮೋಹನ್ ಆಣೆ ಹಾಕಿದ್ದ. ಅಜ್ಜ ಮೊಮ್ಮಗಳನ್ನು ನೋಡಲು ತಾವೇ ಇಲ್ಲಿಗೆ ಬರಬೇಕಾಗಿತ್ತು, ಅದೂ ಅಳಿಯ ಇಲ್ಲದ ಹೊತ್ತಿನಲ್ಲಿ.

"ಆ ಭಾನುವಾರ ನಾನು ಆಫೀಸಿನಲ್ಲಿದ್ದೆ," ಎಂದಳು ವೀಕ್ಷಾ. "ಇವರು ಬೇಬಿಯನ್ನು ಬೀಚಿಗೆ ಕರ್ಕೊಂಡು ಹೋಗಿದ್ರು."

"ಹೌದು ಕಣ್ರೀ, ಬೀಚಿಗೆ," ಎಂದ ಮೋಹನ್. ಅವನ ಕಣ್ಣ ಕೆಳಗೆ ಕಪ್ಪು ಕಟ್ಟಿತ್ತು.

ಆರು ವರ್ಷದ ಬೇಬಿ ನೆಲದ ಮೇಲೆ ಬೆಂಕಿಪೊಟ್ಟಣಗಳನ್ನು ಪೇರಿಸುತ್ತಿದ್ದಳು. ಅವಳ ಬೊಂಬೆ, ಕಂಪಾಸು, ಚಪ್ಪಲಿ ಎಲ್ಲದರ ಮೇಲೂ ಮಿನುಗುವ ನಕ್ಷತ್ರದ ಸ್ಟಿಕ್ಕರ್.

"ಏನು ಕಟ್ತಿದೀಯ ಪುಟ್ಟಿ?" ಎಂದು ಗುಣವತಿ ಕೇಳಿದಳು.

"ಗೋಡೆ. ಎನ್ನೋಡ ಬ್ರಿಕ್ಸ್ ಎಲ್ಲಾಂ ಕಾಣೋಂ, ಆಂಟಿ." ಶಾಲೆಯ ತಮಿಳಿನಲ್ಲೇ ಉತ್ತರ ಬಂತು, ತನ್ನ ಇಟ್ಟಿಗೆಗಳೆಲ್ಲ ಕಾಣುತ್ತಿಲ್ಲ ಎಂದು. "ಅಜ್ಜ ಕೊಟ್ಟಿದ್ದು."

ಮೋಹನ್ ಕುಡಿಯದೆಯೇ ಕಾಫಿಯ ಲೋಟ ಕೆಳಗಿಟ್ಟ. ವೆಂಕಟಲಕ್ಷ್ಮಿ ಮಗುವನ್ನು ಮತ್ತೇನೂ ಕೇಳಲಿಲ್ಲ, ತಲೆ ಸವರಿ ಎದ್ದಳು. ಕೇಸು ಬಗೆಹರಿದ ದಿನ ಅವಳು ಬೀದಿಯ ಬೋಂಡಾ ಕೊಡಿಸುವವಳು. ಅಂದು ಕೊಡಿಸಲಿಲ್ಲ, ಗುಣವತಿಯೂ ಕೇಳಲಿಲ್ಲ.

ಮರುದಿನ ಬೇಬಿ ಶಾಲೆಯಲ್ಲಿದ್ದ ಹೊತ್ತಿನಲ್ಲಿ ಮೇಲಿನ ಕೋಣೆಯಲ್ಲಿ ಎಲ್ಲರೂ ಸೇರಿದರು. ಮೋಹನ್ ಮೆಟ್ಟಿಲ ಬಳಿ ಒಂದು ಕ್ಷಣ ನಿಂತು, ಆಮೇಲೆ ಹತ್ತಿದ.

"ಚಾಪೆಯ ಮೇಲಿರೋದು ಇಪ್ಪತ್ತೆಂಟು ಅಲ್ಲ," ಎಂದು ವೆಂಕಟಲಕ್ಷ್ಮಿ ಶುರುಮಾಡಿದಳು. "ಆ ಆಟಕ್ಕೆ ನಾಲ್ಕು ಜನ ಬೇಕು, ಸಣ್ಣ ಎಲೆ ಬೇಡ. ಇಲ್ಲಿ ಇಬ್ಬರಿಗೆ ಹಂಚಿದೆ, ಸಣ್ಣ ಎಲೆಗಳೂ ಇವೆ. ಆ ಎಲೆಗಳಿಗೆ ಹೊಟೇಲಿನ ಜಿಡ್ಡಿಲ್ಲ, ಯಾಕಂದ್ರೆ ಅವು ಇಲ್ಲಿ ಇರಲೇ ಇಲ್ಲ. ಆಟಕ್ಕೆ ಬೇಡದ್ದನ್ನು ಗಂಗಾಧರ್ ಅವರು ಪ್ರೀತಿಯವರೊಬ್ಬರಿಗೆ ಕೊಟ್ಟಿದ್ರು. ಅಂದು ಅವು ಅವರ ಜೊತೆಗೇ ವಾಪಸ್ ಬಂದಿವೆ. ಇನ್ನು ಈ ಸಾಲು ನೋಡಿ. ತನ್ನ ಎಲೆಗಳನ್ನೆಲ್ಲ ಎದುರಾಳಿಗೆ ಕಾಣೋ ಹಾಗೆ ಹರಡಿ ಆಡೋರು ಯಾರು? ಅಷ್ಟು ಎಲೆ ಹಿಡಿಯೋಕೆ ಕೈ ಸಾಲದವರು."

ವೀಕ್ಷಾಳ ಕೈ ಬಾಯಿಗೆ ಹೋಯಿತು.

"ಇನ್‌ಹೇಲರಿನ ಮೇಲೆ ನಕ್ಷತ್ರದ ಸ್ಟಿಕ್ಕರ್ ಇತ್ತು, ಯಾರೋ ಕೆರೆದಿದ್ದಾರೆ. ಅಡುಗೆಮನೆ ತೊಳೆದ ದಿನ ಅದು ಡಬ್ಬಿಯ ಹಿಂದೆ ಇರಲಿಲ್ಲ. ಮರುದಿನದ ಊಟಕ್ಕೆ ಬಂದವರೇ ಇಟ್ಟಿರಬೇಕು. ಒಂದು ವರ್ಷ ಇಲ್ಲಿಗೆ ಕಾಲಿಡದವರು ಅಂದು ಬಂದಿದ್ರು..."

"ಸಾಕು ಮೇಡಂ," ಎಂದ ಮೋಹನ್. "ನಾನೇ ಇಟ್ಟಿದ್ದು."

ಅವನು ಗೋಡೆಗೆ ಒರಗಿ ಕೂತ. "ಮಾವ ಫೋನ್ ಮಾಡಿದ್ರು. 'ಒಂದು ಸಲ ಅವಳನ್ನ ನನ್ನ ಕೋಣೆಗೆ ಕಳಿಸಪ್ಪ, ಆಟ ಹೇಳಿಕೊಡ್ತೀನಿ' ಅಂದ್ರು. ನನ್ನ ಮನಸ್ಸೂ ಕರಗಿತು. ಹಿಂದಿನ ಮೆಟ್ಟಿಲಿಂದ ಕಳಿಸಿದೆ. ಆಣೆ ಮುರಿದೆ ಅಂತ ಯಾರಿಗೂ ಗೊತ್ತಾಗಬಾರದು, ಅದೊಂದು ಹಾಳು ಜಂಭ. ಆಮೇಲೆ ಕೆಳಗಿಂದ ಕೂಗಿದೆ, ಓಡಿ ಬಂದ್ಲು. ಮಾವ ಕಿಟಕಿಯಿಂದ ಕೈಬೀಸಿದ್ರು ಕಣ್ರೀ, ಚೆನ್ನಾಗೇ ಇದ್ರು! ಮಾರನೇ ದಿನ ಅವಳ ಚೀಲದಲ್ಲಿ ಇದು ಸಿಕ್ತು. ಎಕ್ಕದ ಹಡಗಿನ ಹಾಗೇ ನೀಲಿ, ಒತ್ತಿದ್ರೆ ಬುಸ್ ಅಂತ ಹಾರುತ್ತೆ. ಗನ್ ಅಂದ್ಕೊಂಡು ತಂದಿದ್ಲು. ಮಾವನೇ ಅಡುಗೆಮನೆಯಲ್ಲಿ ಮರೆತಿದ್ರು ಅಂತ ಎಲ್ಲರೂ ಅಂದ್ಕೊಳ್ಲಿ ಅಂತ ಅಲ್ಲಿಟ್ಟೆ, ಕಿಟ್ಟಣ್ಣನ ತಲೆಗೆ ಬರುತ್ತೆ ಅಂದ್ಕೊಂಡಿರ್ಲಿಲ್ಲ."

ವೀಕ್ಷಾ ಅತ್ತಳು. ಅಪ್ಪನಿಗಾಗಿ ಅತ್ತಳೋ ಮಗಳಿಗಾಗಿ ಅತ್ತಳೋ ಗುಣವತಿಗೆ ತಿಳಿಯಲಿಲ್ಲ, ಅವಳ ಕಣ್ಣೂ ತುಂಬಿತ್ತು.

"ಡಾಕ್ಟರನ್ನು ಕೇಳಿದೆ," ಎಂದಳು ವೆಂಕಟಲಕ್ಷ್ಮಿ ಮೆಲ್ಲಗೆ. "ಹೃದಯವೂ ಸೋತಿತ್ತಂತೆ. ಇದು ಜೇಬಲ್ಲಿದ್ರೂ ಉಳೀತಿದ್ರಾ ಅಂತ ಅವರಿಗೂ ಹೇಳೋಕಾಗಲ್ಲ. ಆದ್ರೆ ಕಿಟ್ಟಣ್ಣ, ನಿಮಗೆ ಮೊದಲೇ ಗೊತ್ತಿತ್ತು. ಕಾಫಿ ತಂದಾಗಲೇ ಆ ಎಲೆಗಳನ್ನ ನೋಡಿದ್ರಿ."

ಕಿಟ್ಟಣ್ಣ ಹೆಗಲ ಬೈರಾಸಿನಿಂದ ಮುಖ ಒರೆಸಿಕೊಂಡ. "ನೋಡಿದ್ದೆ. ಮಗು ಬಂದಿದ್ದು ಆಗಲೇ ಗೊತ್ತಾಯ್ತು. ನಂಗೆ ಎಂತ ಆಗ್ಲಿಕ್ಕುಂಟು, ಮುದುಕ. ಅದು ಇನ್ನೂ ಬದುಕಿ ಬಾಳಬೇಕಲ್ಲ."

ಭೋಜರಾಜರ ಮುಖ ಬಿಳಿಚಿಕೊಂಡಿತು. "ಕಿಟ್ಟಣ್ಣ, ಎಲ್ಲರೆದುರು ನಾನೇ ತಪ್ಪಾಯ್ತು ಅಂತೇನೆ. ನಿಜ ಎಂತದು ಅಂತ ಹೇಳ್ತೇನೆ."

"ಹೇಳಿದ್ರೆ ನಾನು ಇವತ್ತೇ ಬಸ್ಸು ಹತ್ತಿದೆ," ಎಂದ ಕಿಟ್ಟಣ್ಣ. ಅವನ ದನಿ ಗಡುಸಾದದ್ದು ಅದೊಂದೇ ಸಲ.

ಕೊನೆಗೆ ವೆಂಕಟಲಕ್ಷ್ಮಿಯೇ ದಾರಿ ತೋರಿಸಿದಳು. ಗಂಗಾಧರ ತಾವೇ ಅಡುಗೆಮನೆಯಲ್ಲಿ ಇನ್‌ಹೇಲರ್ ಮರೆತು ಹೋಗಿದ್ದರೆಂದು ಭೋಜರಾಜ ಊರಿಗೆಲ್ಲ ಸಾರುವುದೆಂದಾಯಿತು. ಸತ್ಯದ ಬೆನ್ನು ಹತ್ತಿ ತಿರುಗುವ ತನ್ನ ಗೆಳತಿ ಸುಳ್ಳೊಂದನ್ನು ಅಷ್ಟು ಜತನದಿಂದ ಹೆಣೆದದ್ದನ್ನು ಗುಣವತಿ ಕಂಡದ್ದು ಅದೇ ಮೊದಲು.

ಭಾನುವಾರ ಮೋಹನ್ ಮಗಳನ್ನು ಮುಂಬಾಗಿಲಿನಿಂದಲೇ ಕರೆತಂದ. ಕಿಟ್ಟಣ್ಣ ಇಟ್ಟಿಗೆಯ ಎಲೆಗಳನ್ನು ಆರಿಸಿ ಅವಳ ಕೈಗಿತ್ತ. ಬೇಬಿ ಅವನ್ನು ಎಣಿಸಿ ನೋಡಿ, ಆಡೋಣ ಎಂದಳು. ಅವನ್ನು ಉಳಿದ ಎಲೆಗಳ ಜೊತೆ ಕಲಸಿ, ಚಾಪೆಯ ಮೇಲೆ ತನಗೊಂದು ಪಾಲು, ಕಿಟ್ಟಜ್ಜನಿಗೊಂದು ಪಾಲು ಹಂಚಿದಳು. ಯಾರೂ ಕೂರದ ಕಡೆಗೆ ಮೂರನೆಯದನ್ನು ಕವುಚಿಟ್ಟಳು. ಎಕ್ಕದ ನೀಲಿ ಹಡಗು ಅವಳ ಪಾಲಿಗೇ ಬಂದಿತ್ತು. ಅದನ್ನು ನೋಡುತ್ತ ಕೂತವಳ ತುಟಿ ಅದುರಿತು.

"ಕಿಟ್ಟಜ್ಜ, ಅಜ್ಜನ ಗನ್ ನಾನು ತಿರುಪ್ಪಿ... ವಾಪಸ್ ಕೊಡಲೇ ಇಲ್ಲ."

ಬಾಗಿಲಲ್ಲಿದ್ದ ಗುಣವತಿ ವೆಂಕಟಲಕ್ಷ್ಮಿಯ ಕೈಯನ್ನು ಗಟ್ಟಿಯಾಗಿ ಹಿಡಿದಳು.

"ನಾನು ಕೊಟ್ಟೆ ಮಗಾ," ಎಂದ ಕಿಟ್ಟಣ್ಣ. "ಅಂದೇ ಕೊಟ್ಟೆ. ಅಜ್ಜ ಜೇಬಲ್ಲಿ ಇಟ್ಟುಕೊಂಡೇ ಹೋದ್ರು. ಈಗ ಎಲೆ ಹಾಕು ಕಾಂಬ."