ಮದುವೆ ಕಾರಿನ ಅರ್ಧ ಉಂಗುರ

ಮದುವೆ ನಾಳೆ. ಮದುಮಗ ಡೆವನ್‌ನ ಕಾರು ಮಾತ್ರ ಅಂಗಳದಲ್ಲಿ ಇಟ್ಟಿಗೆಗಳ ಮೇಲೆ ಕೂತಿತ್ತು. ನಾಲ್ಕು ಚಕ್ರವೂ ಮಾಯ! ಬಂಗಾರದ ಬಣ್ಣದ, ಹೊಚ್ಚಹೊಸ ಅಲಾಯ್ ಚಕ್ರಗಳು. ಕೂವಾ ಊರಲ್ಲಿ ಮದುವೆ ಮೆರವಣಿಗೆಯ ಮುಂದಿನ ಕಾರಿನ ಚಕ್ರ ನೋಡಿಯೇ ಜನ ಮನೆತನ ಅಳೆಯುತ್ತಾರೆ.

"ಕಳ್ಳನ್ನ ಹುಡುಕೋದೇನಿದೆ?" ಚಿಕ್ಕಪ್ಪ ಹ್ಯಾರಿಲಾಲ್ ಗುಡುಗಿದ. "ಆ ಚಕ್ರದ ನಟ್ಟು ಬಿಚ್ಚೋಕೆ ಬೇರೆ ಕೀಲಿನೇ ಬೇಕು. ಚಕ್ರ ಹಾಕ್ದೋನು ಬಾಯ್ಸಿ, ಇನ್ನೊಂದು ಕೀಲಿ ಇರೋದೂ ಅವನ ಹತ್ರ. ಕಳ್ಳನ ಮಗಳು ನಮ್ಮನೆಗೆ ಬೇಡ!"

ಟೈರ್ ಅಂಗಡಿಯ ಬಾಯ್ಸಿ ಮದುಮಗಳು ಶರ್ಲಾಳ ಅಪ್ಪ. ಮದುವೆಯೇ ಮುರಿಯುವ ಹೊತ್ತು. ಡೆವನ್ ಬೆವರಿ, ಪೊಲೀಸ್ ಸಾರ್ಜೆಂಟ್ ಯೋಲಾಂಡ್‌ಗೆ ಫೋನ್ ಮಾಡಿದ.

ಯೋಲಾಂಡ್‌ಗೂ ಚಕ್ರದ ಹುಚ್ಚು. ತನ್ನ ಹಳೆ ಕಾರಿಗೇ ಮೂರು ಸಲ ಅಲಾಯ್ ಬದಲಿಸಿದವಳು. ಬಂದವಳೇ ಕಾರಿನ ಪಕ್ಕ ಕುಕ್ಕರಗಾಲಲ್ಲಿ ಕೂತಳು. ಚಕ್ರ ಕೂರುವ ಹಬ್‌ಗಳ ಮೇಲೆ ಪ್ಲಾಸ್ಟಿಕ್ ಉಂಗುರಗಳು ಉಳಿದಿದ್ದವು. ಮೂರು ಇಡಿಯಾಗಿ. ನಾಲ್ಕನೆಯದು ಅರ್ಧವೇ. ಅವಳು ಆ ತುಂಡನ್ನು ಮೆಲ್ಲಗೆ ಜೇಬಿಗಿಳಿಸಿದಳು.

"ನಿನ್ನ ನಟ್ಟಿನ ಕೀಲಿ ಎಲ್ಲಪ್ಪಾ?"

"ಕಾರೊಳಗೇ ಇದೆ, ಮೇಡಂ. ಕಾರಿಗೆ ಬೀಗ ಹಾಕೋದು ಮರ್ತಿದ್ದೆ."

"ಭೇಷ್! ಹಾಗಾದ್ರೆ ಮನೆಗೆ ಬಂದೋರೆಲ್ಲ ಕಳ್ಳರೇ."

*

ಬಾಯ್ಸಿಯ ಅಂಗಡಿಯ ಮೂಲೆಯಲ್ಲಿ ಟಾರ್ಪಾಲಿನಡಿ ದುಂಡಗೆ ಏನೋ ಇತ್ತು. ಯೋಲಾಂಡ್ ಎಳೆದಳು. ಮದುವೆ ಅಡುಗೆಯ ಕಡಾಯಿಗಳು!

"ಅದರಲ್ಲಿ ಕುಂಬಳಕಾಯಿ ಪಲ್ಯ ಮಾಡೋದು ಕಣಮ್ಮಾ," ಬಾಯ್ಸಿ ರೇಗಿದ. "ಅಳಿಯನ ಚಕ್ರ ನಾನೇ ಕದೀತೀನಾ? ನನಗೇನು ತಲೆ ಕೆಟ್ಟಿದೆಯಾ?"

ಹಿಂದೆ ನಿಂತಿದ್ದ ಶರ್ಲಾಳ ಕಣ್ಣು ಕೆಂಪಾಗಿತ್ತು. "ನಮ್ಮಪ್ಪನ್ನ ಕಳ್ಳ ಅಂದ ಮನೆಗೆ ನಾನೂ ಹೋಗಲ್ಲ, ಸಾರ್ಜೆಂಟಕ್ಕಾ."

"ಸಂಜೆ ತನಕ ತಾಳಮ್ಮಾ."

ಅಷ್ಟರಲ್ಲಿ ಹ್ಯಾರಿಲಾಲ್‌ನ ಕಾರು ಬಂತು. ಚಕ್ರಗಳು ಕರ್ರಗೆ ಮಿಂಚುತ್ತಿದ್ದವು. ಮಯಾಮಿಯಿಂದ ಚಕ್ರ ಬರುತ್ತೆ ಎಂದು ಅವನು ತಿಂಗಳಿಂದ ಊರೆಲ್ಲ ಸಾರಿದ್ದ. ಅಂತೂ ಬಂದಿವೆ ಎಂದುಕೊಂಡರು ಜನ. ಅವನ ಅಂಗಿಯ ಮೇಲೆ ಕಾಫಿ ಕಲೆ ಬೇರೆ.

"ಅರೆಸ್ಟ್ ಆಯ್ತಾ?" ಎಂದ.

"ಇನ್ನೂ ಇಲ್ಲ. ನನ್ನನ್ನ ಡೆವನ್ ಮನೆಗೆ ಬಿಡ್ತೀರಾ? ಹೆದ್ದಾರಿ ಮೇಲೆ ಹೋಗೋಣ."

ಯೋಲಾಂಡ್ ಒಂದು ಲೋಟ ತಣ್ಣನೆ ಮಾಬಿ ಪಾನಕ ಹಿಡಿದು ಹತ್ತಿದಳು. ಊರೊಳಗೆ ಒಂದು ಹನಿಯೂ ತುಳುಕಲಿಲ್ಲ. ಹೆದ್ದಾರಿಯಲ್ಲಿ ವೇಗ ಏರಿತು. ಸ್ಟೀರಿಂಗ್ ಗಡಗಡ ನಡುಗಿತು. ಮಾಬಿಯೆಲ್ಲ ಯೂನಿಫಾರ್ಮಿನ ಮೇಲೆ!

"ರಸ್ತೆ ಸರಿಯಿಲ್ಲ," ಹ್ಯಾರಿಲಾಲ್ ಹಲ್ಲುಕಿರಿದ.

ಹೋದ ವಾರವಷ್ಟೇ ಟಾರು ಹಾಕಿದ ರಸ್ತೆ. ಯೋಲಾಂಡ್‌ಗೆ ನಗು ತಡೆಯಲಾಗಲಿಲ್ಲ.

*

ಸಂಜೆ ಎರಡೂ ಮನೆಯವರು ಡೆವನ್‌ನ ಅಂಗಳದಲ್ಲಿ ಸೇರಿದರು.

"ಬಾಯ್ಸಿ, ಹ್ಯಾರಿಲಾಲ್ ಅವರ ಚಕ್ರ ಬಿಚ್ಚಿ," ಎಂದಳು ಯೋಲಾಂಡ್.

"ಯಾಕೆ? ನನ್ನ ಚಕ್ರ ಯಾಕೆ?" ಹ್ಯಾರಿಲಾಲ್ ಅಡ್ಡ ಬಂದ. ಯಾರೂ ಕೇಳಲಿಲ್ಲ.

ಮೂರನೆಯ ಚಕ್ರದ ನಡುತೂತಿನಲ್ಲಿ ಅರ್ಧ ಉಂಗುರ ಕಚ್ಚಿಕೊಂಡಿತ್ತು. ಯೋಲಾಂಡ್ ಜೇಬಿನ ತುಂಡನ್ನು ಜೋಡಿಸಿದಳು. ಮುರಿದ ಅಂಚಿಗೆ ಅಂಚು ಸರಿಯಾಗಿ ಕೂತಿತು. ಉಗುರಿಂದ ಕಪ್ಪು ಬಣ್ಣ ಕೆರೆದಳು. ಒಳಗೆ ಬಂಗಾರ!

"ಅಂಗಡಿ ಅಲಾಯ್‌ಗೆ ನಡುತೂತು ದೊಡ್ಡದಿರುತ್ತೆ, ತರಾವರಿ ಕಾರಿಗೆ ಆಗಲಿ ಅಂತ," ಎಂದಳು. "ಆ ಸಂದಿಗೆ ಉಂಗುರ ಹಾಕಿದ್ರೆ ಚಕ್ರ ಹಬ್‌ನ ನಟ್ಟನಡುವೆ ಕೂರುತ್ತೆ. ಹಾಕದಿದ್ರೆ ಕೂದಲೆಳೆಯಷ್ಟು ಓರೆ. ಮೆಲ್ಲಗೆ ಹೋದ್ರೆ ಗೊತ್ತಾಗಲ್ಲ, ಜೋರಾಗಿ ಹೋದ್ರೆ ನಡುಕ. ಹೆದ್ದಾರೀಲಿ ಕಾರು ನಡುಗಿದಾಗ ಇವರು 'ರಸ್ತೆ ಸರಿಯಿಲ್ಲ' ಅಂದ್ರು! ಕಾರಲ್ಲಿದ್ದ ಕೀಲಿಯಿಂದ್ಲೇ ಅವಸರದಲ್ಲಿ ಚಕ್ರ ಕಿತ್ತಾಗ ಉಂಗುರ ಡೆವನ್ ಕಾರಲ್ಲೇ ಉಳೀತು. ಒಂದು ಮುರಿದು ಅರ್ಧ ಚಕ್ರದ ಜೊತೆ ಹೋಯ್ತು. ಇವರ ಕಾರಿನ ಹಬ್ ಸಣ್ಣದು, ತುಂಡು ಅಡ್ಡ ಬರಲಿಲ್ಲ. ಇವರೂ ನೋಡಲಿಲ್ಲ. ಬಾಯ್ಸಿಯಂಥ ಟೈರಿನವನು ಉಂಗುರ ಬಿಟ್ಟು ಹೋಗ್ತಾನಾ?"

ಹ್ಯಾರಿಲಾಲ್ ಕುಸಿದು ಕೂತ. "ಮಯಾಮಿ ಚಕ್ರ ಬರಲೇ ಇಲ್ಲ. ಈ ಮನೆ ಮದುವೆಗಳಲ್ಲಿ ಯಾವತ್ತೂ ನನ್ನ ಕಾರೇ ಮುಂದೆ ಇರ್ತಿತ್ತು..."

"ಕೇಸು ಬೇಡ ಮೇಡಂ," ಡೆವನ್ ತಲೆ ಚಚ್ಚಿಕೊಂಡ.

"ಚಿಕ್ಕಪ್ಪನಿಗೆ ಮುಂದೆ ಇರೋ ಆಸೆ ತಾನೇ?" ಶರ್ಲಾ ಸೊಂಟಕ್ಕೆ ಕೈಯಿಟ್ಟಳು. "ಮುಂದೆನೇ ಇರಲಿ. ಟಾಸಾ ಡೋಲಿನವರ ಮುಂದೆ, ನಡ್ಕೊಂಡು!"

ಅಂಗಳವೆಲ್ಲ ಗೊಳ್ಳೆಂದು ನಕ್ಕಿತು. ಆ ರಾತ್ರಿ ಹ್ಯಾರಿಲಾಲ್ ಕೂತು ಕಪ್ಪು ಬಣ್ಣವನ್ನೆಲ್ಲ ಕೆರೆದು ತೆಗೆದ.

*

ಮರುದಿನ ಬಾಯ್ಸಿಯ ಬೀದಿಗೆ ಮೆರವಣಿಗೆ ತಿರುಗಿತು. ಡೋಲಿನ ಮುಂದೆ ಹ್ಯಾರಿಲಾಲ್. ಮೊದಮೊದಲು ತಲೆ ತಗ್ಗಿಸಿದ್ದ. ಟಾಸಾ ಏರಿದಾಗ ಕಾಲು ಕೇಳಲಿಲ್ಲ, ಕುಣಿದೇಬಿಟ್ಟ. ಹಿಂದೆ ಬಂಗಾರದ ಚಕ್ರಗಳು ಬಿಸಿಲಿಗೆ ಹೊಳೆಯುತ್ತಿದ್ದವು.

ಗೇಟಿನಲ್ಲಿ ಎರಡೂ ಕಡೆಯ ಹಿರಿಯರು ಅಪ್ಪಿಕೊಳ್ಳಬೇಕು. ಅದಾಗದೆ ಮದುಮಗ ಒಳಗೆ ಕಾಲಿಡುವಂತಿಲ್ಲ. ಹ್ಯಾರಿಲಾಲ್ ಕೈ ಚಾಚಿದ. ಕೈ ಅದುರುತ್ತಿತ್ತು.

"ತಪ್ಪಾಯ್ತು, ಬಾಯ್ಸಿ."

ಬಾಯ್ಸಿ ಅವನನ್ನು ಬಿಗಿಯಾಗಿ ತಬ್ಬಿಕೊಂಡ.

"ಯಾಕೆ ನಡುಗ್ತಿದ್ದೀರಿ ಬೀಗರೇ? ರಸ್ತೆ ಸರಿಯಿಲ್ವಾ?"