ಎಡಗಣ್ಣಿನ ಗುರಿ

೧೯೬೧ನೇ ಇಸವಿ ಮಾರ್ಚ್ ೧೮, ಶನಿವಾರ, ಯುಗಾದಿಯ ಮರುದಿನದ ಹೊಸತೊಡಕು. ಸಂಜೆ ನಾಲ್ಕು ಗಂಟೆ ಇಪ್ಪತ್ತು ನಿಮಿಷಕ್ಕೆ ಕಲ್ಲುಕೊಪ್ಪಲಿನ ಪಟೇಲರು ಅರಕಲಗೂಡು ಠಾಣೆಗೆ ಒಂದು ಅರ್ಜಿ ತಂದರು. ಹೊಸತೊಡಕಿನ ಬೇಟೆಯಲ್ಲಿ ಕೃಷ್ಣಪ್ಪ ಎಂಬುವನು ಹಂದಿಗೆ ಹೊಡೆದ ಗುಂಡು ಗುರಿ ತಪ್ಪಿ ಬೇಟೆಯ ಯಜಮಾನ ಕೆಂಚಯ್ಯನಿಗೆ ತಗುಲಿತು, ಅವನು ಸ್ಥಳದಲ್ಲೇ ಮೃತಪಟ್ಟನು, ಇದು ಆಕಸ್ಮಿಕ, ಯಾರ ಮೇಲೂ ಅನುಮಾನವಿಲ್ಲ ಎಂದು ಬರೆದಿತ್ತು. ಕೆಳಗೆ ಊರವರ ಸಹಿಗಳಿದ್ದವು. ಮೃತನ ಹೆಂಡತಿಯ ಹೆಬ್ಬೆಟ್ಟಿಗೆ ಬಿಟ್ಟ ಜಾಗ ಮಾತ್ರ ಖಾಲಿ.

ಆ ಹೆಂಡತಿ ಲಕ್ಷ್ಮಿದೇವಮ್ಮ ಪಟೇಲರ ಹಿಂದೆಯೇ ನಡೆದು ಬಂದಿದ್ದಳು.

“ಈ ಕಾಗ್ದಕ್ಕೆ ನಾನ್ ಎಬ್ಬೆಟ್ ಒತ್ತಾಕಿಲ್ಲ ಸಾ. ಕೊಲೆ ಅಂತ ಬರ್ಕಳಿ.”

ಇನ್ಸ್‌ಪೆಕ್ಟರ್ ವೃಷಭರಾಜ ತಲೆಯೆತ್ತಿದರು. “ನೀವು ನೋಡಿದಿರಾ?”

“ಇಲ್ಲ.”

“ಮತ್ತೆ?”

“ಎಣ ತಂದಾಗ ಊರೆಲ್ಲಾ ಎದೆ ಬಡ್ಕಂತು. ಆ ಕೃಷ್ಣಪ್ಪ ಎದ್ರು ಜಗ್ಲಿ ಮ್ಯಾಲೆ ಕೋವಿ ಒರುಸ್ತಾ ಕುಂತಿದ್ದ.”

ಪಟೇಲರು ನಕ್ಕರು. “ದುಕ್ಕದಲ್ಲವ್ಳೆ, ಬುಡಿ ಸಾ. ಕೃಷ್ಣಪ್ಪ ಆನೆಗ್ ಒಡುದ್ರೂ ಗುಂಡು ಪಕ್ಕದ್ ಮರಕ್ಕೇಯ. ಇಡೀ ಸೀಮೆಗ್ ಗೊತ್ತು.”

ಪ್ರಥಮ ವರ್ತಮಾನ ವರದಿ ೩೦೪-ಎ ಕಲಮಿನಡಿ ದಾಖಲಾಯಿತು; ಅಂದರೆ ಅಜಾಗರೂಕತೆಯಿಂದ ಆದ ಮರಣ. ಆಧಾರ ಸಿಕ್ಕರೆ ಕಲಂ ಬದಲಾಗುತ್ತದೆ, ಸಿಗದಿದ್ದರೆ ಅವನು ಜಾಮೀನಿನ ಮೇಲೆ ಊರಿಗೆ ಬರುತ್ತಾನೆ ಎಂದು ಇನ್ಸ್‌ಪೆಕ್ಟರ್ ಮುಚ್ಚುಮರೆಯಿಲ್ಲದೆ ಹೇಳಿದರು.

“ಎದ್ರು ಮನೆ ಸಾ,” ಎಂದಳು ಲಕ್ಷ್ಮಿದೇವಮ್ಮ. “ದಿನಾ ಬಾಗ್ಲು ತಗುದ್ರೆ ಅವ್ನ ಮಕ ನೋಡ್ಬೇಕು ನಾನು.”

ಮರುದಿನ ಬೆಳಿಗ್ಗೆ ಏಳೂವರೆಗೆ ವೃಷಭರಾಜ ಕಾನ್‌ಸ್ಟೆಬಲ್ ಚಿಕ್ಕಯ್ಯನೊಂದಿಗೆ ಸ್ಥಳದ ಪಂಚನಾಮೆಗೆ ಹೋದರು. ಪಂಚರಾಗಲು ಮೊದಲು ಯಾರೂ ಬರಲಿಲ್ಲ. ಕುಡಿಯುವ ನೀರು ಕೇಳಿದರೆ ಒಬ್ಬಳು ಬಾವಿಯ ಕಡೆ ಕೈ ತೋರಿಸಿ ಒಳಗೆ ಹೋದಳು. ಬೇಲಿಯ ಆಚೆಯಿಂದ ಒಂದು ಗಂಡು ದನಿ ಕೇಳಿಸಿತು: “ಬಸ್ತಿ ಕಡೆ ಸಾಮಿ ಕಣ್ಲಾ. ಬದ್ನೆಕಾಯ್ ಕುಯ್ಯಕ್ಕೂ ಯೋಚ್ನೆ ಮಾಡೋರು. ಇವ್ರಿಗ್ಯಾಕ್ಲಾ ಬೇಟೆ ಇಚಾರ?” ಜೈನರಾದ ವೃಷಭರಾಜ ಅತ್ತ ತಿರುಗಲಿಲ್ಲ. ಅಳತೆಯ ಪಟ್ಟಿ ಬಿಚ್ಚಿದರು.

ಕೃಷ್ಣಪ್ಪ ನಿಂತ ಜಾಗದಿಂದ ಹಂದಿ ಹಾದ ಜಾಡಿಗೆ ನಲವತ್ತು ಹೆಜ್ಜೆ. ಕೆಂಚಯ್ಯ ಬಿದ್ದದ್ದು ಆ ಜಾಡಿನಿಂದ ಐದಡಿ ಎಡಕ್ಕೆ. ಒಂಟಿ ಗುಂಡು ಎದೆಯ ನಡುವೆ ಹೊಕ್ಕಿತ್ತು. ಬೇಟೆಗೆ ಹೋದವರೆಲ್ಲ ಒಂದೇ ಮಾತು ಹೇಳಿದರು: ನಾವು ಹಂದಿಯನ್ನು ನೋಡುತ್ತಿದ್ದೆವು, ಕೃಷ್ಣಪ್ಪನನ್ನಲ್ಲ, ಅವನ ಗುಂಡು ಹೋಗುವುದೇ ಎಡಕ್ಕೆ, ಒಂದಾಳು ದೂರ.

ಹನ್ನೊಂದು ಗಂಟೆಗೆ ಚಾವಡಿಯಲ್ಲಿ ಕೃಷ್ಣಪ್ಪನ ವಿಚಾರಣೆ. ನಲವತ್ತರ ಹತ್ತಿರದ, ಒಣಕಲು ಮೈಯ ಮನುಷ್ಯ.

“ಎಷ್ಟು ವರ್ಷದಿಂದ ಕೋವಿ?”

“ಅನ್ನೆಲ್ಡು.”

“ಎಷ್ಟು ಹಂದಿ ಹೊಡೆದಿದ್ದೀಯ?”

“ಒಂದೂ ಇಲ್ಲ.”

“ಯಾಕೆ?”

“ಊರವ್ರನ್ನೇ ಕೇಳಿ. ಯೋಳಕ್ಕೆ ಬಾಳ ಇಷ್ಟ ಅವ್ರಿಗೆ.”

ಚಿಕ್ಕಯ್ಯ ಇನ್ಸ್‌ಪೆಕ್ಟರ ಕಿವಿಯಲ್ಲಿ ಏನೋ ಹೇಳಿದ. ವೃಷಭರಾಜ ಎದ್ದು ಇಪ್ಪತ್ತು ಹೆಜ್ಜೆ ದೂರ ನಿಂತರು. “ಎರಡು ಕಣ್ಣೂ ತೆರೆದುಕೊಂಡು ನನ್ನ ಮೂಗಿಗೆ ಬೆರಳು ತೋರಿಸು.”

ಕೃಷ್ಣಪ್ಪ ಬಲಗೈ ಚಾಚಿದ. ವೃಷಭರಾಜರಿಗೆ ಆ ಬೆರಳ ತುದಿ ಅವನ ಬಲಗಣ್ಣಿನ ಮುಂದೆ ಕಾಣಬೇಕಿತ್ತು. ಅದು ಎಡಗಣ್ಣಿಗೆ ನೇರವಾಗಿತ್ತು. ಮೂರು ಸಲ ಮಾಡಿಸಿದರು. ಮೂರು ಸಲವೂ ಅಷ್ಟೇ.

“ನಂದೂ ಇದೇ ಕಾಯ್ಲೆ ಸಾ,” ಎಂದ ಚಿಕ್ಕಯ್ಯ. “ಕೈ ಬಲದ್ದು, ಗುರಿ ನೋಡೋ ಕಣ್ಣು ಎಡದ್ದು. ಬಲಹೆಗಲಿಗೆ ಬಂದೂಕ ಇಟ್ಟು ಎಡಗಣ್ಣಲ್ಲಿ ನೋಡಿದ್ರೆ ಗುಂಡು ಎಡಕ್ಕೇ ಹೋಗೋದು. ಹಾಸನದ ಫೈರಿಂಗಲ್ಲಿ ಮೂರು ವರ್ಷ ಫೇಲಾಗಿದೀನಿ. ಎಲ್ಲಾರೂ ಕುರುಡ ಅನ್ನೋರು.”

“ಕೇಳುದ್ರಾ?” ಕೃಷ್ಣಪ್ಪನ ತುಟಿ ಕೊಂಕಿತು. “ನಿಮ್ ಪೋಲೀಸ್ನೋರೇ ಯೋಳವ್ರೆ. ನಂದೇನ್ ತಪ್ಪು? ಕಣ್ಣು ಕೊಟ್ಟೋನ್ನ ಇಡೀರಿ.”

ಪರೀಕ್ಷೆ ಅವನ ಪರವಾಗಿಯೇ ಬಂದಿತ್ತು. ಪಟೇಲರು ಎಲೆಅಡಿಕೆ ಬಿಚ್ಚಿದರು.

ಆದರೆ ಚಿಕ್ಕಯ್ಯ ಕೂರಲಿಲ್ಲ. ಕೃಷ್ಣಪ್ಪನ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿದ. ಎಡಗಣ್ಣಿನ ಕೆಳಗೆ, ಕೆನ್ನೆಯ ಮೇಲೆ, ಸಾಸಿವೆಗಿಂತ ಸಣ್ಣ ಕಪ್ಪು ಚುಕ್ಕೆಗಳು. ಕೆಲವು ಹಳೆಯವು, ಚರ್ಮದೊಳಗೆ ಕೂತಿದ್ದವು. ಎರಡು ಮೂರು ಇನ್ನೂ ಹಸಿ.

“ಇದೇನು?”

“ಒಲೆ ಕಿಡಿ.”

“ಒಲೆ ಊದೋದು ಹೆಂಡತಿಯೋ ನೀನೋ?”

ಕೃಷ್ಣಪ್ಪ ಕೈ ಕೊಡವಿದ. “ಮೈ ಮುಟ್ಬ್ಯಾಡ ಕಣಯ್ಯ.”

“ನನ್ನ ಹೆಗಲು ಬದಲಾಯಿಸಿದ್ದು ಒಬ್ಬ ಸುಬೇದಾರ್ರು ಸಾ,” ಚಿಕ್ಕಯ್ಯ ಇನ್ಸ್‌ಪೆಕ್ಟರಿಗೆ ಹೇಳಿದ. “ಎಡಗಣ್ಣು ಬಿಡಲ್ಲ ಅಂದ್ರೆ ಬಂದೂಕನೇ ಎಡಹೆಗಲಿಗೆ ತಗೋ ಅಂದ್ರು. ಆವತ್ತಿಂದ ಗುರಿ ತಪ್ಪಿಲ್ಲ. ಈ ನಾಡಕೋವೀಲಿ ಮದ್ದಿಗೆ ಬೆಂಕಿ ಹಚ್ಚೋ ಕೇಪು ಸಿಡಿಯೋದು ಬಲಮಗ್ಗುಲಲ್ಲಿ. ಬಲಹೆಗಲಿಂದ ಹೊಡೆದ್ರೆ ಕಿಡಿ ಆಚೆಗೆ ಹೋಗುತ್ತೆ. ಎಡಹೆಗಲಿಂದ ಹೊಡೆದ್ರೆ...”

ಮಧ್ಯಾಹ್ನ ಎರಡು ಗಂಟೆಗೆ ಪಂಚರ ಎದುರು ಪ್ರಯೋಗ ನಡೆಯಿತು. ಚಿಕ್ಕಯ್ಯ ಕಣ್ಣು ಬಿಟ್ಟು ಉಳಿದ ಮುಖಕ್ಕೆ ಒದ್ದೆ ಬಿಳಿ ಬಟ್ಟೆ ಕಟ್ಟಿಕೊಂಡ. ಜಪ್ತಿಯಾದ ಕೋವಿಗೆ ಗುಂಡಿಲ್ಲದೆ ಕೇಪು ಮಾತ್ರ ಇಟ್ಟು ಬಲಹೆಗಲಿನಿಂದ ಮೂರು ಸಲ ಸಿಡಿಸಿದ. ಬಟ್ಟೆ ಬೆಳ್ಳಗೇ ಇತ್ತು. ಆಮೇಲೆ ಎಡಹೆಗಲು, ಮತ್ತೆ ಮೂರು ಸಲ. ಎಡಗೆನ್ನೆಯ ಮೇಲಿನ ಬಟ್ಟೆಯಲ್ಲಿ ಕಪ್ಪು ಚುಕ್ಕೆಗಳು ಮೂಡಿದವು. ಇನ್ಸ್‌ಪೆಕ್ಟರ್ ಅದನ್ನು ಕೃಷ್ಣಪ್ಪನ ಕೆನ್ನೆಯ ಪಕ್ಕ ಹಿಡಿದರು. ಎರಡೂ ಕಡೆ ಒಂದೇ ಬಗೆಯ ಚುಕ್ಕೆಗಳು.

ಅಂಗಿ ತೆಗೆಸಿದಾಗ ಎಡಹೆಗಲಿನ ಗುಳಿಯಲ್ಲಿ ಒಂದು ದಿನದ ನೀಲಿ ಬಾವು ಇತ್ತು. ಬಲಹೆಗಲಿನಲ್ಲಿ ಏನೂ ಇರಲಿಲ್ಲ.

ಸಗಣಿ ಆಯುವ ಸುಬ್ಬಮ್ಮ ಆಗ ಬಾಯಿ ಬಿಟ್ಟಳು. “ಅಳೇ ಇಟ್ಟಿಗೆ ಗೂಡಿನ್ ಇಂದೆ ದೀಪಾವಳಿಯಿಂದ ಡಬ್ ಅಂತಿತ್ತು ಸಾ. ಕೃಷ್ಣಪ್ಪನ್ನ ಕೇಳುದ್ರೆ, ಮೊಲ ಒಡೀತಿದ್ದೆ ಕಣಜ್ಜಿ, ಯಾರ್ಗೂ ಯೋಳ್ಬ್ಯಾಡ ಅಂದ. ಒಂದ್ ಮೊಲಾನೂ ಎತ್ಕಂಡ್ ಓಗಿದ್ ಕಾಣೆ.”

ಗೂಡಿನ ಹಿಂದೆ ಒಂದು ಬೇವಿನ ಮರ. ಕಾಂಡದ ಮೇಲೆ, ಮನುಷ್ಯನ ಎದೆಯ ಎತ್ತರದಲ್ಲಿ, ಮಸಿಯಿಂದ ಬರೆದ ದುಂಡನೆಯ ಗೆರೆ. ಗೆರೆಯ ಹೊರಗೆ ಎರಡು ಹಳೆಯ ತೂತು, ಒಳಗೆ ಅಂಗೈಯಗಲದಲ್ಲಿ ಒಂಬತ್ತು. ಮರದಿಂದ, ನಿಂತು ನಿಂತು ನೆಲ ಸವೆದಿದ್ದ ಜಾಗಕ್ಕೆ ಅಳೆದರು. ನಲವತ್ತು ಹೆಜ್ಜೆ.

ಸಂಜೆ ಐದು ಗಂಟೆ ಹತ್ತು ನಿಮಿಷಕ್ಕೆ ಕೃಷ್ಣಪ್ಪನನ್ನು ಅವನ ಮನೆಯ ಜಗಲಿಯ ಮೇಲೆ ದಸ್ತಗಿರಿ ಮಾಡಿದರು. ೩೦೨ನೇ ಕಲಂ ಸೇರಿಸಲು ನ್ಯಾಯಾಲಯಕ್ಕೆ ವರದಿ ಬರೆದರು. ಲಕ್ಷ್ಮಿದೇವಮ್ಮ ಅದನ್ನು ಎರಡು ಸಲ ಓದಿಸಿಕೊಂಡಳು. “ಕೊಲೆ” ಎಂಬ ಮಾತು ಬಂದಾಗ ಎರಡು ಸಲವೂ ತಲೆಯಾಡಿಸಿದಳು.

“ಯಾಕೆ?” ಎಂದು ಕೃಷ್ಣಪ್ಪನನ್ನು ಕೇಳಿದರು ವೃಷಭರಾಜ.

ಆ ಊರಿನಲ್ಲಿ ಒಂದು ಕಟ್ಟಳೆ. ಬೇಟೆಯಲ್ಲಿ ಗುರಿ ತಪ್ಪಿದವನ ಪಾಲಿನ ಮಾಂಸವನ್ನು ಅವನು ಮುಟ್ಟುವಂತಿಲ್ಲ. ಅವನ ಹೆಂಡತಿ ಬಂದು, ಗಂಡಸರ ಗುಂಪಿನ ನಡುವೆ, ಯಜಮಾನನ ಮುಂದೆ ಸೆರಗೊಡ್ಡಬೇಕು.

“ಅನ್ನೆಲ್ಡು ವರ್ಷ ನನ್ ಎಂಡ್ತಿ ಸೆರಗೊಡ್ಡವ್ಳೆ,” ಎಂದ ಕೃಷ್ಣಪ್ಪ. “ಓದ್ವರ್ಷ ಕೆಂಚಯ್ಯ ಇವ್ಳ ಸೆರಗಿಗೆ ಮಾಂಸ ಆಕ್ತಾ, ನಿನ್ ಗಂಡನ್ನೂ ಒಂದ್ಸಲ ನಮ್ಮನೆಗ್ ಕಳ್ಸು, ಕೋವಿ ಇಡ್ಯೋದು ಕಲುಸ್ತೀನಿ ಅಂದ. ಎಲ್ಲಾ ನಕ್ರು. ಅವತ್ತೇ ತೀರ್ಮಾನ ಮಾಡ್ದೆ. ಇವ್ಳ ಮಾನಕ್ಕೋಸ್ಕರ ಮಾಡ್ದೆ ಸಾ.”

ಬಾಗಿಲ ಬಳಿ ನಿಂತಿದ್ದ ಅವನ ಹೆಂಡತಿ ಮಲ್ಲಿಗಮ್ಮ ಮುಂದೆ ಬಂದಳು. ಅವಳ ಕಣ್ಣಲ್ಲಿ ನೀರಿರಲಿಲ್ಲ.

“ನನ್ ಎಸ್ರು ಯೋಳ್ಬ್ಯಾಡ,” ಎಂದಳು. “ವರ್ಸ ವರ್ಸನೂ ಕಾಲ್ ಇಡ್ಕಂಡೆ, ಬೇಟೆಗ್ ಓಗ್ಬ್ಯಾಡ, ಈ ಸಲ ಮನೇಲಿರು ಅಂತ. ನೀನ್ ಓದೆ. ನೀನ್ ಓಗಿದ್ದಕ್ಕೇ ನಾನ್ ಸೆರಗೊಡ್ಡಿದ್ದು.”

ಚಿಕ್ಕಯ್ಯ ಕೃಷ್ಣಪ್ಪನ ಕೈಗೆ ಬೇಡಿ ಹಾಕಿ ಅವನನ್ನು ರಸ್ತೆಗೆ ಇಳಿಸಿದ. ಅವರು ತಿರುವು ದಾಟುವ ಮೊದಲೇ ಮಲ್ಲಿಗಮ್ಮ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.