ಸೊಂಟಕ್ಕೆ ಎರಡು ಚೈನು

ಹಿಂದಿನಿಂದ ಸೈಕಲ್ ಬರುತ್ತಿತ್ತು.

ನಾವು ಬಸ್ಸಿನಲ್ಲಿದ್ದೆವು. ಆದರೂ ಸೈಕಲ್ಲೇ ಗೆಲ್ಲುತ್ತಿತ್ತು.

ನಗಬೇಡಿ. ಅದು ನಲವತ್ಮೂರನೇ ಇಸವಿ. ಪೆಟ್ರೋಲು ಯುದ್ಧಕ್ಕೆ ಹೋಗಿತ್ತು. ಬಸ್ಸಿನ ಬೆನ್ನಿಗೆ ಒಲೆ ಕಟ್ಟಿ, ಇದ್ದಿಲು ಉರಿಸಿ, ಆ ಗ್ಯಾಸಿನ ಮೇಲೆ ಓಡಿಸುತ್ತಿದ್ದರು. ಏರು ಬಂತೆಂದರೆ ಅದು ಗಬ್ಬದ ಎಮ್ಮೆಯ ಹಾಗೆ ನಿಂತು ನಿಂತು ಹೋಗುತ್ತಿತ್ತು.

ಸೈಕಲ್ಲಿನ ಮೇಲೆ, ಗೋವೆ ಗಡಿಯ ಅನಮೋಡ ಸುಂಕದ ನಾಕೆಯ ಜಮಾದಾರ ಈಶಪ್ಪ.

"ಶಿವಲಿಂಗಪ್ಪಣ್ಣಾ, ಸ್ವಲ್ಪ ಜೋರು ಬಿಡು" ಎಂದೆ ಡ್ರೈವರನಿಗೆ.

"ನೀ ಇಳದು ನೂಕಿದ್ರ ಜೋರು ಹೋಗ್ತೈತಿ, ಕಾಶೆವ್ವ."

ಇಳಿದು ನೂಕುವ ಹಾಗಿರಲಿಲ್ಲ. ಬಗ್ಗಿದರೆ ಸದ್ದಾಗುತ್ತಿತ್ತು... ಸೀರೆಯೊಳಗೆ, ನನ್ನ ಸೊಂಟಕ್ಕೆ, ಎರಡು ಹೊಸ ಸೈಕಲ್ ಚೈನು ಬಿಗಿದಿದ್ದೆ.

ಹಳಿಯಾಳದಲ್ಲಿ ನಮ್ಮದು ಸೈಕಲ್ ಅಂಗಡಿ. ಗಂಡ ಶೇಖಪ್ಪ ಹಾಸಿಗೆ ಹಿಡಿದು ಎರಡು ವರ್ಷ. ಮುಂಬೈ ಮಾಲು ನಿಂತಿತ್ತು. ಗೋವೆ ಪೋರ್ತುಗೀಸರದು, ಅವರಿಗೆ ಯುದ್ಧವಿಲ್ಲ, ಅಲ್ಲಿ ಇನ್ನೂ ಸಿಗುತ್ತಿತ್ತು. ನಾಳೆ ಅಲ್ಲಿಯೂ ಸಿಗದಿದ್ದರೆ? ಅದಕ್ಕೇ ಸುಂಕ ತಪ್ಪಿಸಿ, ಕದ್ದು ತಂದು ತುಂಬಿಡುತ್ತಿದ್ದೆ. ಸಿಕ್ಕಿಬಿದ್ದರೆ ನನಗೆ ಜೈಲು, ಅಂಗಡಿಗೆ ಬೀಗ, ಶೇಖಪ್ಪನಿಗೆ ಒಂದು ಗುಟುಕು ನೀರು ಕೊಡುವವರೂ ಇಲ್ಲ.

ಸೀಟಿ ಊದಿದ ಸದ್ದು. ಬಸ್ಸು ನಿಂತಿತು.

ಈಶಪ್ಪ ಏದುಸಿರು ಬಿಡುತ್ತ ಹತ್ತಿದ. ನೇರ ನನ್ನ ಮುಂದೆ ಬಂದು ನಿಂತ.

"ಸೈಕಲ್ ಅಂಗಡಿ ಕಾಶೆವ್ವ ನೀನ ಅಲ್ಲಾ? ಖಬರ ಬಂದೈತಿ. ಗಂಟು ಬಿಚ್ಚು."

ಬಿಚ್ಚಿದೆ. ಒಂದು ಹಳೆ ಸೀರೆ, ಒಂದು ಬೆಲ್ಲದ ಉಂಡೆ. ಆ ಉಂಡೆಯ ಹೊಟ್ಟೆಯಲ್ಲಿ ನೂರು ಬಾಲ್ ಬೇರಿಂಗು.

ಅವನು ಅಂಚಿನಿಂದ ಒಂದು ತುಣುಕು ಮುರಿದ. ಬಾಯಿಗೆ ಹಾಕಿದ. ಅಗಿದ.

ನನ್ನ ಹಲ್ಲು ಜುಮ್ಮೆಂದವು.

"ಚಲೋ ಐತಿ ಬೆಲ್ಲ" ಎಂದ. ಉಂಡೆಯನ್ನು ಕೆಳಗಿಟ್ಟ. "ಇನ್ನ ಮೈ ಝಡ್ತಿ."

ಝಡ್ತಿಯೆಂದು ಹೆಣ್ಣಿನ ಮೈಯನ್ನು ಗಂಡಸು ತಡವುವಂತಿಲ್ಲ. ಬೆಳಿಗ್ಗೆ ನಾಕೆಯಲ್ಲಿ ತಡವಲು ಹೆಂಗಸರಿರಲಿಲ್ಲ, ಪಾರಾಗಿದ್ದೆ. ಈಗ ಬಸ್ಸಿನಲ್ಲಿ ಇನ್ನೊಬ್ಬಳಿದ್ದಳು. ನಾಕೆ ದಾಟಿದ ಮೇಲೆ ಹತ್ತಿದವಳು; ಕಟ್ಟಿಗೆ ಕೆಲಸ ಮುಗಿಸಿ ತಾಂಡಾಕ್ಕೆ ಹೊರಟಿದ್ದ ಲಂಬಾಣಿ ಹೆಂಗಸು, ಈಶಪ್ಪನಿಗೆ ಗುರುತಿನವಳು. ಮೊಳಕೈತನಕ ಬಳೆ, ಮೈತುಂಬ ಬೆಳ್ಳಿ.

"ಏ ಲಾಲಿಬಾಯಿ, ಈಕೀನ ಬಸ್ಸಿನ ಹಿಂದ ಕರಕೊಂಡು ಹೋಗಿ ತಡವಿ ನೋಡು."

ಇದ್ದಿಲ ಒಲೆಯ ಮಗ್ಗುಲಲ್ಲಿ ನಿಂತೆವು. ಬೆನ್ನಿಗೆ ಬೆಂಕಿಯ ಝಳ. ಅವಳ ಕೈ ಭುಜದಿಂದ ಇಳಿಯಿತು... ಸೊಂಟಕ್ಕೆ ಬಂತು... ನಿಂತಿತು.

ಒಂದೊಂದೇ ಕೊಂಡಿಯನ್ನು ಬೆರಳಿನಿಂದ ಮುಟ್ಟಿದಳು. ನನ್ನ ಮುಖವನ್ನೇ ನೋಡಿದಳು.

 

"ಏನೈತಿ?" ಆಚೆಯಿಂದ ಈಶಪ್ಪ.

"ಎಲುಬು ಅದಾವ್ರಿ."

"ಖರೇ ಹೇಳು."

"ನಂಬಿಕಿ ಇಲ್ಲಂದ್ರ ನೀವ ಬಂದು ತಡವ್ರಿ, ಸಾಹೇಬ್ರ. ಮಂದಿ ನೋಡ್ಲಿ."

ಬಸ್ಸೆಲ್ಲ ನಕ್ಕಿತು. ಈಶಪ್ಪನ ಕಿವಿ ಕೆಂಪಾದವು.

"ಹೋಗ್ರಿ. ಜೋಯಿಡಾ ನಾಕೆದಾಗ ಮತ್ತ ಝಡ್ತಿ ಐತಿ. ಅಲ್ಲಿ ಯಾರನೂ ಬಿಡೂದಿಲ್ಲ, ನೋಡ್ಕೊಂತ ಇರ್ರಿ."

ಬಸ್ಸು ಹೊರಟಿತು. ಲಾಲಿಬಾಯಿ ನನ್ನ ಪಕ್ಕಕ್ಕೇ ಬಂದು ಕೂತಳು.

"ಎರಡ ಅದಾವಲ್ಲಾ, ಅಕ್ಕಾ?"

ನಾನು ಸೆರಗನ್ನು ಸೊಂಟದ ಮೇಲೆ ಎಳೆದುಕೊಂಡೆ.

"ನನ್ನ ಗಂಡ ಭೀಮಸಿಂಗನ ಸೈಕಲ್ ಮೂರು ತಿಂಗಳಾತು, ಗ್ವಾಡಿಗೆ ಆತು ನಿಂತೈತಿ. ಚೈನ್ ಹರದೈತಿ. ನಿನ್ನ ಅಂಗಡಿಗೆ ಬಂದಿದ್ದ. ಇಲ್ಲ ಅಂದಿ."

ಅಂದಿದ್ದೆ. ಆವತ್ತು ನಮ್ಮ ಅಟ್ಟದ ಮೇಲೆ ಹನ್ನೊಂದು ಚೈನು ಇದ್ದವು.

"ದಿನಾ ಎಂಟು ಮೈಲಿ ನಡೀತಾನ, ಕೂಲಿಗೆ. ಒಂದು ಬಿಚ್ಚು."

ಸೆರಗಿನ ಮರೆಯಲ್ಲಿ ಬಿಚ್ಚಿದೆ. ಅವಳು ಲಂಗದೊಳಗೆ ಬಿಗಿದುಕೊಂಡಳು. ಆ ಬೆಳ್ಳಿಯ ಗಲಗಲದಲ್ಲಿ ಕಬ್ಬಿಣದ ಸದ್ದು ಯಾರಿಗೂ ಕೇಳುವಂತಿರಲಿಲ್ಲ.

"ಮುಂದಿನ ನಾಕೆದಾಗ ನನ್ನ ಮೈ ತಡವಾಕ ನಿನ್ನ ಕರೀತಾರ" ಎಂದಳು.

"ಹೂಂ."

"ಹೆದರಬ್ಯಾಡ. ನಿನಗ ಇಲ್ಲ ಅನ್ನೂದು ಚಲೋ ಬರ್ತೈತಿ. ಹಂಗ ಅನ್ನು."

ತಿರುವಿನಾಚೆ ನಾಕೆಯ ಬಿದಿರು ಅಡ್ಡಗೋಲು ಕಂಡಿತು. ನಾನು ಗಂಟಲು ಸರಿಮಾಡಿಕೊಂಡೆ.